ತೂಕಕ್ಕೆ ಹೋಗುವ ಸೀರೆ

ಬೀರುವಿನಲ್ಲಿ ಇಪ್ಪತ್ತು ವರ್ಷ ಮಡಚಿಟ್ಟ ರೇಷ್ಮೆ ಸೀರೆಯನ್ನು ಮಾರಬೇಕೆಂದರೆ ನಮ್ಮ ಊರುಗಳಲ್ಲಿ ಇರುವ ಗಿರಾಕಿ ಹೆಚ್ಚುಕಡಿಮೆ ಒಬ್ಬನೇ. ‘ಹಳೇ ರೇಷ್ಮೆ ಸೀರೆ ಕೊಳ್ಳುತ್ತೇವೆ’ ಎಂದು ಬೋರ್ಡು ಹಾಕಿಕೊಂಡವನು, ಇಲ್ಲವೇ ಬೀದಿಯಲ್ಲಿ ಕೂಗಿಕೊಂಡು ಬರುವವನು. ಅವನಿಗೆ ಸೀರೆಯ ಬಣ್ಣ ಬೇಕಿಲ್ಲ, ಬುಟ್ಟಾ ಬೇಕಿಲ್ಲ, ಸೆರಗಿನ ಕೆಲಸವೂ ಬೇಕಿಲ್ಲ. ಅಂಚಿನ ಜರಿಯನ್ನು ಉಜ್ಜಿ, ಒಂದೆಳೆ ಕಿತ್ತು ನೋಡಿ, ಅದರಲ್ಲಿ ಬೆಳ್ಳಿ ಎಷ್ಟಿದ್ದೀತು ಎಂದು ಅಂದಾಜು ಕಟ್ಟಿ ರೇಟು ಹೇಳುತ್ತಾನೆ. ಆಮೇಲೆ ಆ ಜರಿಯ ಭಾಗವನ್ನು ಕತ್ತರಿಸಿ ಸುಡುತ್ತಾರೆ. ರೇಷ್ಮೆ ಬೂದಿಯಾಗುತ್ತದೆ, ಲೋಹ ಉಳಿಯುತ್ತದೆ. ಕಿಲೋ ಬೆಳ್ಳಿಯ ದರ ಲಕ್ಷ ರೂಪಾಯಿ ದಾಟಿದ ಮೇಲೆ ಈ ವ್ಯಾಪಾರಕ್ಕೆ ಕಾರಣವೂ ಹೆಚ್ಚಿದೆ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಆರೇಳು ಕಿಲೋ ಗೂಡು ಬೇಕು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಗೂಡಿನ ಮಾರುಕಟ್ಟೆಗೆ ರೈತ ತಂದು ಸುರಿದ ಮಾಲು ನೂಲಾಗಿ, ಹುರಿಯಾಗಿ, ಬಣ್ಣ ಕಂಡು, ಯಾವುದೋ ಮಗ್ಗದ ಮೇಲೆ ಸೀರೆಯಾಗಿರುತ್ತದೆ. ಇಷ್ಟು ಕೈಗಳ ಕೆಲಸಕ್ಕೆ ಎರಡನೇ ಸಲ ಮಾರುವಾಗ ಸಿಗುವ ಬೆಲೆ ಸೊನ್ನೆ, ಬೆಲೆಯೆಲ್ಲ ಅಂಚಿನ ಬೆಳ್ಳಿಗೇ.

ಜರಿ ಇಲ್ಲದ ಸೀರೆಯ ಪಾಡು ಇನ್ನೂ ಕಡೆ. ಅದು ಪಾತ್ರೆ ಮಾರುವವಳ ಗಂಟು ಸೇರಿ ಒಂದು ಸ್ಟೀಲ್ ಡಬ್ಬಿಗೋ ಬಕೆಟ್ಟಿಗೋ ಬದಲಾಗುತ್ತದೆ. ಹಿತ್ತಾಳೆಯ ಕೊಳಗ, ತಾಮ್ರದ ಹಂಡೆ ಗುಜರಿಯಲ್ಲಿ ಕಿಲೋ ಲೆಕ್ಕ. ಪುಸ್ತಕಕ್ಕೂ ರದ್ದಿ ಪೇಪರಿಗೂ ಒಂದೇ ತಕ್ಕಡಿ. ತೊಟ್ಟಿಮನೆ ಕೆಡವಿ ಆರ್‌ಸಿಸಿ ಕಟ್ಟಿಸುವವರು ಕೆತ್ತನೆಯ ಕಂಬ, ಬಾಗಿಲುವಾಡಗಳನ್ನು ಮರದ ಅಳತೆ ಹಿಡಿದು ಮಾರಿಬಿಡುತ್ತಾರೆ. ಅವೇ ಕಂಬಗಳು ಪಾಲಿಶ್ ಕಂಡು ಬೆಂಗಳೂರಿನ ಕೆಫೆಯಲ್ಲೋ ನಂದಿ ಬೆಟ್ಟದ ರಸ್ತೆಯ ರೆಸಾರ್ಟಿನಲ್ಲೋ ನಿಲ್ಲುತ್ತವೆ. (ನೂರು ವರ್ಷ ದಾಟಿದ ಕೆತ್ತನೆ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರಬಹುದು ಎಂಬುದು ಮಾರುವವರಿಗೂ ಗೊತ್ತಿರುವುದಿಲ್ಲ, ಕೊಳ್ಳುವವರು ಹೇಳುವುದೂ ಇಲ್ಲ.) ಹಳೇ ಸಾಮಾನಿನ ವ್ಯಾಪಾರ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದೆ. ಕೊರತೆಯಿರುವುದು ವಸ್ತುವನ್ನು ವಸ್ತುವೆಂದೇ ನೋಡಿ ಬೆಲೆ ಕಟ್ಟುವ ಜಾಗಕ್ಕೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸ್ಥಳೀಯ ಸಂಸ್ಥೆಗಳು ಸಂತೆ ಮೈದಾನದಲ್ಲಿ ತಿಂಗಳಿಗೊಂದು ದಿನ ಹಳೇ ಸಾಮಾನಿಗೆಂದೇ ಕೊಡಬೇಕು, ಮೊದಲ ಹೆಜ್ಜೆಯನ್ನು ನೇಕಾರರ ಊರಾದ ದೊಡ್ಡಬಳ್ಳಾಪುರವೇ ಇಡಬೇಕು ಎಂಬುದು ನನ್ನ ವಾದ.

‘ನಮ್ಮ ಜನ ಇನ್ನೊಬ್ಬರು ಬಳಸಿದ್ದನ್ನು ಕೊಳ್ಳುವುದಿಲ್ಲ’ ಎಂಬ ಮಾತು ಮೊದಲು ಬರುತ್ತದೆ. ಹಾಗಿದ್ದರೆ ಚಳಿಗಾಲದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನಡೆಯುವುದೇನು? ಅಲ್ಲಿ ಕೈಬದಲಾಗುವ ಹಳ್ಳಿಕಾರ್ ಜೋಡಿಗಳಲ್ಲಿ ಎಷ್ಟೋ ಈಗಾಗಲೇ ಒಬ್ಬರ ಹೊಲ ಉತ್ತು ಬಂದವು. ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಟವೆಲ್ಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುವ ರೈತ ಹಳೆಯದರಲ್ಲಿ ಒಳ್ಳೆಯದನ್ನು ಆರಿಸುವ ವಿದ್ಯೆಯಲ್ಲಿ ಯಾವ ದೇಶದ ಯಾವ ಹರಾಜುಗಾರನಿಗೂ ಕಡಿಮೆಯವನಲ್ಲ. ಟ್ರ್ಯಾಕ್ಟರ್, ಬೈಕು, ಟೆಂಪೊ, ಪವರ್‌ಲೂಮ್ ಎಲ್ಲವನ್ನೂ ನಾವು ಸೆಕೆಂಡ್ ಹ್ಯಾಂಡ್ ಕೊಳ್ಳುತ್ತೇವೆ. ಶಾಲೆ ಕಾಲೇಜು ಶುರುವಾಗುವ ಹೊತ್ತಿಗೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪಠ್ಯಪುಸ್ತಕಕ್ಕೆ ನಿಲ್ಲುವವರಲ್ಲಿ ಸುತ್ತಲ ತಾಲ್ಲೂಕುಗಳ ಮಕ್ಕಳೂ ಇರುತ್ತಾರೆ. ಇನ್ನು ಚಿನ್ನ: ಗಿರವಿ ಬಿಡಿಸಲಾಗದ ಒಡವೆ ಹರಾಜಾಗಿ, ಕರಗಿ, ಇನ್ನೊಬ್ಬರ ಮಗಳ ಕೊರಳಿಗೆ ಬರುತ್ತದೆ, ಅದು ಹಿಂದೆ ಯಾರ ಮೈಮೇಲಿತ್ತೆಂದು ಕೇಳಿದವರುಂಟೆ? ಆದ್ದರಿಂದ ತಕರಾರು ‘ಹಳೆಯದು’ ಎಂಬುದರ ಬಗ್ಗೆ ಅಲ್ಲ, ಬಟ್ಟೆಯ ಬಗ್ಗೆ.

ಬಟ್ಟೆಯ ತಕರಾರಿಗೆ ಚರಿತ್ರೆಯಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉಟ್ಟು ಬಿಟ್ಟ ಬಟ್ಟೆ ನಮ್ಮ ಹಳ್ಳಿಗಳಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದ ವಸ್ತು. ಜೀತದಾಳಿಗೆ, ಕೆಲಸದವಳಿಗೆ, ಹಬ್ಬಕ್ಕೆ ಬಂದು ಹಿತ್ತಿಲಲ್ಲಿ ನಿಂತವರಿಗೆ ಅದನ್ನು ಕೊಡುತ್ತಿದ್ದರು. ಪಡೆದವರು ಅದನ್ನು ತೊಟ್ಟು ಕೊಟ್ಟವರ ಎದುರೇ ಓಡಾಡಬೇಕಿತ್ತು. ಆ ಅವಮಾನದ ನೆನಪಿರುವ ಮನೆಗಳಲ್ಲಿ ‘ಹಳೇ ಬಟ್ಟೆ ನಮಗೆ ಬೇಡ’ ಎಂದರೆ ಅದು ಸ್ವಾಭಿಮಾನದ ಮಾತು. ಆದರೆ ಅವಮಾನ ಅಡಗಿದ್ದದ್ದು ಬಟ್ಟೆಯಲ್ಲಲ್ಲ, ಕೊಡುವ ರೀತಿಯಲ್ಲಿ. ಕೊಟ್ಟದ್ದನ್ನು ಆರಿಸುವ ಹಕ್ಕು ಪಡೆಯುವವರಿಗೆ ಇರಲಿಲ್ಲ, ಬೇಡ ಎನ್ನುವ ಹಕ್ಕಂತೂ ಇರಲೇ ಇಲ್ಲ. ಸಂತೆಯಲ್ಲಿ ಗುಡ್ಡೆ ಕೆದಕಿ, ಬಿಸಿಲಿಗೆ ಹಿಡಿದು ತೂತು ಹುಡುಕಿ, ಹೇಳಿದ ಬೆಲೆಯ ಅರ್ಧಕ್ಕೆ ಕೇಳಿ, ಕೊಡದಿದ್ದರೆ ಎದ್ದು ಹೋಗುವವಳು ಯಾರ ಹಂಗಿಗೂ ಬೀಳುವುದಿಲ್ಲ. ಹೊರಗಿನ ದೇಶಗಳಲ್ಲಿ ಹಳೇ ಬಟ್ಟೆಯ ಅಂಗಡಿಗಳನ್ನು ಶುರುಮಾಡಿದವರು ಇದನ್ನು ಬೇಗ ಅರಿತಿದ್ದರು. 1902ರಲ್ಲಿ ಬಾಸ್ಟನ್ನಿನ ಪಾದ್ರಿ ಎಡ್ಗರ್ ಹೆಲ್ಮ್ಸ್ ಶ್ರೀಮಂತರ ಮನೆಗಳಿಂದ ಹಳೇ ಬಟ್ಟೆಬರೆ ಒಟ್ಟುಮಾಡಿಸಿ, ಕೆಲಸವಿಲ್ಲದ ಬಡವರಿಗೆ ಕೂಲಿ ಕೊಟ್ಟು ದುರಸ್ತಿ ಮಾಡಿಸಿ, ಬೆಲೆ ಹಚ್ಚಿ ಮಾರಿದ. ಇಂದಿನ ಗುಡ್‌ವಿಲ್ ಅಂಗಡಿಗಳ ಮೂಲ ಅದು. ಆಕ್ಸ್‌ಫರ್ಡಿನಲ್ಲಿ 1947ರಲ್ಲಿ ಶುರುವಾದ, ಆಕ್ಸ್‌ಫ್ಯಾಮ್ ಎಂಬ ಸೇವಾಸಂಸ್ಥೆಯ ಅಂಗಡಿಯದೂ ಬೆಲೆಯ ದಾರಿಯೇ. ನಮ್ಮಲ್ಲಿ ಅಂಶು ಗುಪ್ತಾ 1999ರಲ್ಲಿ ಕಟ್ಟಿದ ಗೂಂಜ್ ಸಂಸ್ಥೆ ಬಟ್ಟೆಯನ್ನು ದಾನವಾಗಿ ಹಂಚುವ ಬದಲು, ಊರಿನವರು ಬಾವಿ ತೋಡಿದ್ದಕ್ಕೋ ರಸ್ತೆ ಸರಿಮಾಡಿದ್ದಕ್ಕೋ ಪ್ರತಿಫಲವಾಗಿ ಕೊಡುವ ಕ್ರಮ ಬೆಳೆಸಿತು. ಮೂರೂ ಕಡೆ ಹಳೇ ಬಟ್ಟೆ ದಾನದ ಪಟ್ಟಿಯಿಂದ ಹೊರಬಂದು ಲೆಕ್ಕದ ಪುಸ್ತಕ ಸೇರಿದೆ.

ಮೈಲಿಗೆಯ ಮಾತೆತ್ತುವವರಿಗೆ ಅವರದೇ ಸಂಪ್ರದಾಯದ ಉತ್ತರವಿದೆ. ಹತ್ತಿಯನ್ನು ದಿನಾ ಒಗೆದು ಒಣಹಾಕಬೇಕಾದ ಮನೆಗಳಲ್ಲೇ ಪಟ್ಟೆಗೆ ವಿನಾಯಿತಿ ಇತ್ತು. ನೀರು ಕಾಣದೆಯೂ ರೇಷ್ಮೆ ಮಡಿಯೇ. ಎಲ್ಲಕ್ಕಿಂತ ಸುಲಭವಾಗಿ ಮರುಮಾರಾಟ ಆಗಬೇಕಿದ್ದ ಬಟ್ಟೆಯನ್ನೇ ನಾವು ಬೆಂಕಿಗೆ ಹಾಕುತ್ತಿದ್ದೇವೆ. ಶುಚಿತ್ವದ ಪ್ರಶ್ನೆ ಬೇರೆ. ಅದಕ್ಕೆ ಡ್ರೈಕ್ಲೀನಿಂಗ್, ರೋಲ್ ಪ್ರೆಸ್ ಇವೆ. ಒಳ ಉಡುಪು, ಹಾಸಿಗೆ, ದಿಂಬು ಮಾರಬಾರದು ಎಂಬ ನಿಯಮ ಸಾಕು.

ಗಟ್ಟಿಯಾದ ಆಕ್ಷೇಪ ನೇಕಾರರದು. ದೊಡ್ಡಬಳ್ಳಾಪುರದಲ್ಲಿ ಸಾವಿರಾರು ವಿದ್ಯುತ್ ಮಗ್ಗಗಳಿವೆ. ಅವುಗಳ ಸದ್ದು ನಿಂತರೆ ಊರಿನ ದಿನಸಿ ಅಂಗಡಿಯ ಲೆಕ್ಕವೂ ನಿಲ್ಲುತ್ತದೆ. ಸೂರತ್ತಿನಿಂದ ಬರುವ ಅಗ್ಗದ ಸೀರೆಗಳಿಂದ, ಅವು ಇಲ್ಲಿನ ವಿನ್ಯಾಸವನ್ನೇ ನಕಲು ಮಾಡುವುದರಿಂದ ನೇಕಾರರು ನೊಂದಿದ್ದಾರೆ, ಬೀದಿಗಿಳಿದಿದ್ದಾರೆ. ಇಂಥ ಊರಿನಲ್ಲಿ ಹಳೇ ಸೀರೆಯ ಸಂತೆ ಎಂದರೆ ಗಾಯದ ಮೇಲೆ ಬರೆ ಅಲ್ಲವೆ? ಆಫ್ರಿಕಾದ ಉದಾಹರಣೆ ಈ ಭಯಕ್ಕೆ ಬಲ ಕೊಡುತ್ತದೆ. ಅಮೆರಿಕ, ಯುರೋಪುಗಳ ಹಳೇ ಬಟ್ಟೆ ಬೇಲುಗಟ್ಟಲೆ ಬಂದು ಬಿದ್ದಾಗ ಅಲ್ಲಿನ ಬಟ್ಟೆ ಉದ್ಯಮ ತತ್ತರಿಸಿತು. ರುವಾಂಡಾ ಅದರ ಮೇಲೆ ಸುಂಕ ಏರಿಸಿದ್ದಕ್ಕೆ 2018ರಲ್ಲಿ ಅಮೆರಿಕ ಆ ದೇಶದ ಸಿದ್ಧ ಉಡುಪಿಗೆ ಕೊಟ್ಟಿದ್ದ ಸುಂಕ ವಿನಾಯಿತಿಯನ್ನೇ ಹಿಂದಕ್ಕೆ ಪಡೆಯಿತು. ಆದರೆ ಅಲ್ಲಿ ಬಂದದ್ದು ಹೊರದೇಶದ ಮಾಲು, ಕೊಳ್ಳುವವರು ಎಂದೂ ನೋಡದ ಮಗ್ಗ ಯಂತ್ರಗಳದು. ಭಾರತದಲ್ಲಿ ಉಟ್ಟ ಬಟ್ಟೆಯ ಆಮದಿಗೆ ಪರವಾನಗಿಯ ತಡೆಯಿದೆ, ಅದು ಹಾಗೇ ಇರಬೇಕು. ನಾನು ಹೇಳುತ್ತಿರುವುದು ನಮ್ಮದೇ ಬೀರುಗಳಲ್ಲಿರುವ, ಬಹುಪಾಲು ನಮ್ಮ ದಕ್ಷಿಣದ ಮಗ್ಗಗಳೇ ನೇಯ್ದ ಸೀರೆಗಳ ಮಾತು.

ಬೈಕು ಕೊಳ್ಳುವಾಗ ನಾವು ಮೊದಲು ಕೇಳುವುದರಲ್ಲಿ ‘ರೀಸೇಲ್ ವ್ಯಾಲ್ಯೂ ಹೇಗೆ’ ಎಂಬುದೂ ಒಂದು. ಐದು ವರ್ಷದ ನಂತರವೂ ಬೆಲೆ ನಿಲ್ಲುವ ಗಾಡಿಗೆ ಹತ್ತು ಸಾವಿರ ಹೆಚ್ಚು ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ, ಆ ಹಣ ಹಿಂದಿರುಗುತ್ತದೆಂಬ ಧೈರ್ಯದಿಂದ. ಸೀರೆಗೆ ಅಂಥ ಧೈರ್ಯ ಇಲ್ಲ. ಹತ್ತು ಸಾವಿರದ ರೇಷ್ಮೆಯೂ ಎಂಟುನೂರರ ಪಾಲಿಯೆಸ್ಟರೂ ಅಂಗಡಿಯ ಮೆಟ್ಟಿಲಿಳಿದ ಕೂಡಲೇ ಮರುಬೆಲೆಯ ಲೆಕ್ಕದಲ್ಲಿ ಸುಮಾರಿಗೆ ಒಂದೇ ಆಗುವುದಾದರೆ, ಕೈ ಬಿಗಿಯಿರುವವಳು ಅಗ್ಗದ್ದನ್ನು ಕೊಳ್ಳುವುದು ಬುದ್ಧಿವಂತಿಕೆಯೇ. ಹಳೇ ಸೀರೆಗೆ ತೆರೆದ ಬೆಲೆ ಹುಟ್ಟಿದರೆ ಈ ಲೆಕ್ಕ ತಿರುಗುತ್ತದೆ: ಒಳ್ಳೆಯ ಸೀರೆಯ ಖರ್ಚಿನ ಒಂದು ಪಾಲು ಕಾಪಿಟ್ಟ ಹಣವಾಗುತ್ತದೆ, ಅಗ್ಗದ ಸೀರೆಯ ಖರ್ಚು ಖರ್ಚಾಗಿಯೇ ಉಳಿಯುತ್ತದೆ. ಮರುಮಾರಾಟದ ಮಾರುಕಟ್ಟೆ ಮೊದಲು ಹೊಡೆಯುವುದು ಬಾಳಿಕೆ ಇಲ್ಲದ ಮಾಲನ್ನು. ಹಾಗೆಂದು ದೊಡ್ಡಬಳ್ಳಾಪುರದ ಎಲ್ಲ ಮಗ್ಗಗಳಿಗೂ ಇದರಿಂದ ಲಾಭ ಎಂದು ನಾನು ಹೇಳಲಾರೆ. ಇಲ್ಲಿಯೂ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ನೇಯುವವರು ಬಹಳ ಮಂದಿ. ಅವರಿಗೆ ಈ ಸಂತೆಯಿಂದ ಸ್ವಲ್ಪ ಪೆಟ್ಟು ಬೀಳಬಹುದು. ಆದರೆ ಅವರ ನಿಜವಾದ ಎದುರಾಳಿ ಈಗಾಗಲೇ ಸೂರತ್ತಿನಲ್ಲಿದ್ದಾನೆ, ಅವನೊಡನೆ ಬೆಲೆಯಲ್ಲಿ ಸೆಣಸಿ ಗೆಲ್ಲುವುದು ಆಗದ ಮಾತು ಎಂಬುದೂ ಅವರಿಗೆ ಗೊತ್ತು. ಗುಣಮಟ್ಟದ ಕಡೆಗೆ ಸರಿಯಲು ಅವರಿಗೊಂದು ಕಾರಣ ಬೇಕು, ಆ ಕಾರಣವನ್ನು ಕೊಳ್ಳುವವರೇ ಒದಗಿಸಬೇಕು.

ಹಳೇ ಸೀರೆ ಅಸಲೇ ಎಂಬ ನಂಬಿಕೆಯ ವಿಷಯದಲ್ಲಿ ದಾರಿ ಆಗಲೇ ಅರ್ಧ ಸವೆದಿದೆ. 1912ರಲ್ಲಿ ಶುರುವಾದ ಮೈಸೂರು ರೇಷ್ಮೆ ಕಾರ್ಖಾನೆಯ ಸೀರೆಗಳಿಗೆ ಇಂದು ಸಂಕೇತ ಸಂಖ್ಯೆ ಇದೆ. ಕೇಂದ್ರ ರೇಷ್ಮೆ ಮಂಡಳಿಯ ಬೆಂಬಲದ ಸಿಲ್ಕ್ ಮಾರ್ಕ್ ಚೀಟಿ ಇದೆ. ಚೀಟಿ ಕಳೆದುಹೋದ ಹಳೇ ಸೀರೆಗೂ ಎಳೆ ಸುಟ್ಟು ನೋಡುವ ಪರೀಕ್ಷೆ ಇದೆ: ರೇಷ್ಮೆ ಕೂದಲು ಸುಟ್ಟ ವಾಸನೆ ಬಿಟ್ಟು ಪುಡಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗುಂಡಿನಂತೆ ಗಟ್ಟಿಯಾಗುತ್ತದೆ. ಇದನ್ನು ಕಣ್ಣಲ್ಲೇ ಹೇಳಬಲ್ಲವರು ದೊಡ್ಡಬಳ್ಳಾಪುರದ ಬೀದಿಬೀದಿಯಲ್ಲಿದ್ದಾರೆ. ಹಾಸು ಹೊಕ್ಕು ಎರಡೂ ರೇಷ್ಮೆಯೋ, ಜರಿ ಅಸಲೋ ಎಂದು ನೋಡಿ ಚೀಟಿ ಬರೆದುಕೊಡಲು ವಯಸ್ಸಾದ ನೇಕಾರರೊಬ್ಬರಿಗೆ ಮೇಜು ಹಾಕಿ ಶುಲ್ಕ ಕೊಟ್ಟರೆ, ಬೇರೆ ಊರಿನ ಸಂತೆಗೆ ಇಲ್ಲದ ಅನುಕೂಲ ಇಲ್ಲಿಗಿರುತ್ತದೆ.

ಕದ್ದ ಮಾಲಿನ ಭಯಕ್ಕೂ ಉತ್ತರ ತೆರೆದ ಜಾಗವೇ. ಕದ್ದದ್ದನ್ನು ಮಾರುವವನಿಗೆ ಬೇಕಾದದ್ದು ಕೇಳದ ಗುಜರಿ, ಕರಗಿಸುವ ಒಲೆ. ಮಳಿಗೆಗೆ ನಂಬರು, ಮಾರುವವರ ಗುರುತಿನ ದಾಖಲೆ, ಒಂದು ರಿಜಿಸ್ಟರು ಇರುವ ಹಗಲು ಸಂತೆ ಅವನಿಗೆ ಅನುಕೂಲದ ಜಾಗವಲ್ಲ.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ಇಂಥ ಸಂತೆಗೆ ಮೊದಲು ಬರುವವರು ಬೆಂಗಳೂರಿನ ಕಾರಿನವರು. ‘ಥ್ರಿಫ್ಟ್’ ಎಂಬ ಹೆಸರಿನಲ್ಲಿ ಇನ್‌ಸ್ಟಾಗ್ರಾಮ್ ಪುಟ ನಡೆಸುವವರು ಬೆಳಿಗ್ಗೆ ಆರಕ್ಕೇ ಬಂದು ಒಳ್ಳೆಯದನ್ನೆಲ್ಲ ಬಾಚಿಕೊಂಡು ನಾಲ್ಕು ಪಟ್ಟು ಬೆಲೆಗೆ ಮಾರುತ್ತಾರೆ. ನಿಧಿ ಸಿಕ್ಕಿತೆಂದು ಕೊಂಡವರು ಹಿಗ್ಗುವುದು ಮಾರಿದವರಿಗೆ ಅದರ ಬೆಲೆ ಗೊತ್ತಿರಲಿಲ್ಲ ಎಂಬ ಕಾರಣಕ್ಕೆ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಈ ಅನ್ಯಾಯ ಈಗ ಇನ್ನೂ ದೊಡ್ಡದಾಗಿ, ಕಾಣದಂತೆ ನಡೆಯುತ್ತಿದೆ: ಮನೆ ಬಾಗಿಲಲ್ಲಿ ಒಬ್ಬನೇ ಕೊಳ್ಳುವವನು, ಒಬ್ಬಳೇ ಮಾರುವವಳು, ನಡುವೆ ಅವನ ತಕ್ಕಡಿ. ಪಕ್ಕದ ಮಳಿಗೆಯಲ್ಲಿ ಅಂಥದೇ ಸೀರೆ ಮೂರು ಸಾವಿರಕ್ಕೆ ಹೋದದ್ದನ್ನು ಕಂಡವಳು ಮುಂದಿನ ತಿಂಗಳು ಐನೂರಕ್ಕೆ ಕೊಡುವುದಿಲ್ಲ. ಹೊರಗಿನ ಕೊಳ್ಳುವವರು ಹೆಚ್ಚಿದಷ್ಟೂ ಅಗ್ಗದ ನಿಧಿಗಳು ಕಡಿಮೆಯಾಗುತ್ತವೆ. ನಿಧಿ ಹುಡುಕುವವರಿಗೆ ಇದು ಬೇಸರದ ಸಂಗತಿ. ಮಾರುವ ಹೆಂಗಸಿಗೆ ಬೇಕಾದದ್ದೇ ಇದು.

ಒಂದು ಬೇಲಿಯನ್ನು ಮಾತ್ರ ಮೊದಲ ದಿನವೇ ಹಾಕಬೇಕು. ಹೊಸಕೋಟೆ, ನೆಲಮಂಗಲದ ಹೆದ್ದಾರಿಗಳ ಬದಿ ಆನ್‌ಲೈನ್ ವ್ಯಾಪಾರದ ಗೋದಾಮುಗಳು ಸಾಲುಗಟ್ಟಿವೆ. ಗಿರಾಕಿ ಹಿಂದಿರುಗಿಸಿದ, ಕಂಪನಿಗೆ ಬೇಡವಾದ ಮಾಲು ಲಾಟುಗಟ್ಟಲೆ ಮಾರಾಟವಾಗುವುದು ಈಗಿನ ವಾಡಿಕೆ. ಗಾರ್ಮೆಂಟ್ಸಿನ ರಿಜೆಕ್ಟು, ಸರ್‌ಪ್ಲಸ್ಸು ಇದರ ಮೇಲೆ. ಬಾಗಿಲು ತೆರೆದಿಟ್ಟರೆ ಎರಡೇ ತಿಂಗಳಲ್ಲಿ ಸಂತೆ ಲಾಟಿನವರ ಪಾಲಾಗಿ, ಹಂಡೆ ಹಿಡಿದು ಬಂದ ಅಜ್ಜಿಗೆ ಕೂರಲು ಜಾಗವಿರುವುದಿಲ್ಲ. ಬಳಸಿದ ಮನೆಸಾಮಾನಿಗಷ್ಟೇ ಪ್ರವೇಶ ಎಂದು ಬರೆದಿಡಬೇಕು. ಬಾಳಿಕೆ ಇಲ್ಲದ ಮಾಲು ಕೊನೆಗೆ ಎಲ್ಲಿಗೆ ಬರುತ್ತದೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಂಗಳೂರಿನ ಕಸದ ಲಾರಿಗಳ ವಿರುದ್ಧ ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಗರೇನಹಳ್ಳಿ ಸುತ್ತಲ ಜನ ರಸ್ತೆಯಲ್ಲಿ ಕೂತು ಹೋರಾಡಿದ್ದಾರೆ.

ಕಾನೂನು ಹೊಸದಾಗಿ ಬೇಕಿಲ್ಲ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪಟ್ಟಣ ಮಾರಾಟ ಸಮಿತಿಯ ಮೂಲಕ ಜಾಗ ಗುರುತಿಸುವ, ಗುರುತಿನ ಪತ್ರ ಕೊಡುವ ವ್ಯವಸ್ಥೆಯನ್ನು ಆಗಲೇ ಮಾಡಿದೆ. ಹಳೇ ಸಾಮಾನಿನ ವ್ಯಾಪಾರಿ ಲಾಭದ ಅಂತರದ ಮೇಲಷ್ಟೇ ಜಿಎಸ್‌ಟಿ ಕಟ್ಟುವ ಅವಕಾಶವಿದೆ; ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟದ ಸಣ್ಣವರಿಗೆ ಸಾಮಾನ್ಯವಾಗಿ ನೋಂದಣಿಯೂ ಬೇಕಿಲ್ಲ. ಪಾತ್ರೆಗೆ ಬಟ್ಟೆ ಕೊಳ್ಳುವ ಹೆಂಗಸರಿಗೂ ಸಣ್ಣ ಗುಜರಿಯವರಿಗೂ ಮೊದಲ ಮಳಿಗೆಗಳು ಹೋಗಬೇಕು, ಏಕೆಂದರೆ ಮನೆಮನೆಯ ದಾರಿ ಬಲ್ಲವರು ಅವರು. ಶುಲ್ಕ ದಿನಕ್ಕೆ ಹೂವಿನವರು ಕೊಡುವಷ್ಟಿದ್ದರೆ ಸಾಕು. ಆರಂಭಕ್ಕೆ ಮೇ ತಿಂಗಳು ಒಳ್ಳೆಯದು: ಮದುವೆಗಳ ಕಾಲವಾದ್ದರಿಂದ ಬೀರು ತುಂಬಿರುತ್ತದೆ, ಶಾಲೆ ಶುರುವಾಗುವ ಮುನ್ನ ಪಠ್ಯಪುಸ್ತಕಕ್ಕೂ ಯೂನಿಫಾರಮ್ಮಿಗೂ ಗಿರಾಕಿ ಇರುತ್ತಾರೆ, ಮಳೆ ಇನ್ನೂ ಹಿಡಿದಿರುವುದಿಲ್ಲ.