ಬಾಣಂತನಕ್ಕೆ ಹೊರಟ ಅಮ್ಮನ ಬ್ಯಾಗ್

ನಮ್ಮ ಇಗರ್ಜಿಯವರಿಗೆ ವಿಮಾನ ಹೊಸದಲ್ಲ. ಗಲ್ಫಿಗೆ ಹೋಗಿಬರುವವರು ಇಲ್ಲಿ ಮನೆಗೊಬ್ಬರು. ಮಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆ, ಅಷ್ಟಕ್ಕೆ ಬ್ಯಾಗ್ ಹೇಗಿದ್ದರೂ ನಡೆಯುತ್ತದೆ. ಆದರೆ ಈಗ ಮಕ್ಕಳು ಕೆನಡಾ, ಆಸ್ಟ್ರೇಲಿಯಾ ಸೇರಿದ್ದಾರೆ. ಬಾಣಂತನಕ್ಕೆಂದು ಅಮ್ಮಂದಿರು ಒಬ್ಬರೇ ಹೊರಡುತ್ತಿದ್ದಾರೆ.

ಹಾಗೆ ಕೆನಡಾಕ್ಕೆ ಹೋಗಿಬಂದ ಆಂಟಿಯೊಬ್ಬರು ಮೊನ್ನೆ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮೊಡನೆ ಮಾತಿಗೆ ನಿಂತರು. ಬಿಪಿ ಮಾತ್ರೆ ಟ್ರಾಲಿಯೊಳಗೆ, ಟ್ರಾಲಿ ತಲೆಯ ಮೇಲಿನ ಕಪಾಟಿನೊಳಗೆ. ಕೈ ಎಟುಕಲಿಲ್ಲ. ಪಕ್ಕದವರು ನಿದ್ದೆಯಲ್ಲಿದ್ದರು, ಎಬ್ಬಿಸಲು ಸಂಕೋಚ. ಹದಿಮೂರು ಗಂಟೆ ಹಾಗೇ ಕೂತರಂತೆ. "ಶಾಲೂ ಅದರಲ್ಲೇ ಇತ್ತು ಮಗಾ" ಎಂದು ನಕ್ಕರು. ನಮಗೆ ನಗು ಬರಲಿಲ್ಲ.

ಅಂಗಡಿಗಳಲ್ಲಿ ಈಗ ಚಾರ್ಜರ್ ಇರುವ ಬ್ಯಾಗ್, ದಿಂಬಾಗುವ ಬ್ಯಾಗ್ ಎಲ್ಲ ಬಂದಿವೆ. ಅವನ್ನು ಮಾಡಿದವರು ಈ ಆಂಟಿಯಂಥವರನ್ನು ನೆನೆದು ಮಾಡಿಲ್ಲ ಎಂಬುದು ನಮ್ಮ ಅಭಿಪ್ರಾಯ. ಚಕ್ರದ ಬ್ಯಾಗ್ ಹುಟ್ಟಿದ ಕಥೆ ನೋಡಿ. 1970ರಲ್ಲಿ ಅಮೆರಿಕದ ಬರ್ನಾರ್ಡ್ ಸ್ಯಾಡೊ ಕುಟುಂಬದೊಡನೆ ರಜೆ ಮುಗಿಸಿ ಎರಡು ಭಾರದ ಪೆಟ್ಟಿಗೆ ಹೊತ್ತು ಬರುವಾಗ, ವಿಮಾನ ನಿಲ್ದಾಣದಲ್ಲಿ ಒಬ್ಬ ಕೆಲಸಗಾರ ಯಂತ್ರವೊಂದನ್ನು ಚಕ್ರದ ಹಲಗೆಯ ಮೇಲೆ ಸಲೀಸಾಗಿ ತಳ್ಳುವುದನ್ನು ಕಂಡರು. 1972ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿನ ಉದ್ದ ಹಿಡಿಕೆಯ ಟ್ರಾಲಿಯನ್ನು 1987ರಲ್ಲಿ ಮಾಡಿದ ರಾಬರ್ಟ್ ಪ್ಲಾತ್ ಪೈಲಟ್. ಇಬ್ಬರೂ ಹೊತ್ತು ದಣಿದವರೇ. ನಮ್ಮ ಅಮ್ಮಂದಿರೂ ಹೊರುತ್ತಾರೆ, ಆದರೆ ಅವರನ್ನು ಕೇಳಿದವರಿಲ್ಲ.

ಲೆಕ್ಕ ಹಾಕಿ. ಎಷ್ಟೋ ವಿಮಾನಗಳಲ್ಲಿ ಕೈಸಾಮಾನಿಗೆ 7 ಕೆಜಿ ಮಿತಿ. ಗಟ್ಟಿ ಹೊದಿಕೆ, ಚಕ್ರ, ಹಿಡಿಕೆ ಸೇರಿ ಖಾಲಿ ಟ್ರಾಲಿಯೇ ಎರಡು, ಎರಡೂವರೆ ಕೆಜಿ ನುಂಗುತ್ತದೆ. "ದೊಡ್ಡ ವ್ಯಾನಿಟಿ ಬ್ಯಾಗ್ ಸಾಕಲ್ಲ?" ಎಂದು ಕೇಳುವವರಿದ್ದಾರೆ. ಅದರಲ್ಲಿ ಬೇಕಾದದ್ದೆಲ್ಲ ತಳ ಸೇರುತ್ತದೆ. ಮೇಲಾಗಿ ಅದನ್ನು ಮುಂದಿನ ಸೀಟಿನಡಿ ಇಟ್ಟರೆ ಕಾಲು ಚಾಚಲು ಜಾಗವಿಲ್ಲ. ಇದು ಬರೀ ಸುಖದ ಮಾತಲ್ಲ. ನಾಲ್ಕು ಗಂಟೆಗೂ ಹೆಚ್ಚು ಅಲುಗಾಡದೆ ಕೂತು ಪ್ರಯಾಣಿಸಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಒಟ್ಟಾರೆ ಅಪಾಯ ಚಿಕ್ಕದೇ, ಹೆದರಬೇಕಿಲ್ಲ. ಆದರೆ ಕಾಲಿಗೆ ಜಾಗ ಬೇಕು.

ಹಾಗಾಗಿ ನಾವು ಯೋಚಿಸಿದ್ದು ಹೀಗೆ. ಹಗುರವಾದ ಬಟ್ಟೆಯ ಬ್ಯಾಗ್, ಅದರ ಮುಖಕ್ಕೆ ಗುಂಡಿ ಹಾಕಿ ಕೂಡಿಸಿದ ಒಂದು ಚಪ್ಪಟೆ ಚೀಲ. ದೊಡ್ಡದು ಮೇಲೆ ಹೋಗುವ ಮೊದಲು ಚೀಲ ಬಿಚ್ಚಿ ಕುತ್ತಿಗೆಗೆ ಹಾಕಿಕೊಳ್ಳಬೇಕು. ಅದರಲ್ಲಿ ಮಾತ್ರೆ, ಕನ್ನಡಕ, ಜಪಸರ, ಪಾಸ್‌ಪೋರ್ಟ್, ಮಗಳ ವಿಳಾಸ ಬರೆದ ಚೀಟಿ. ಶಾಲು ಸುತ್ತಿ ಹೊರಗೆ ಕಟ್ಟಲು ಎರಡು ಲಾಡಿ. ಗಂಟುನೋವಿನ ಬೆರಳಿಗೂ ಸಿಗುವಂತೆ ಜಿಪ್ಪಿಗೆ ದೊಡ್ಡ ಬಳೆ. ಕಿಸೆಗಳ ಮೇಲೆ ಕನ್ನಡದಲ್ಲೇ ಹೆಸರು ಕಸೂತಿ, ದೀಪ ಆರಿಸಿದಾಗ ಬೆರಳಿಗೇ ಗೊತ್ತಾಗುವಂತೆ ಉಬ್ಬಿಸಿ.

ಸೈನ್ಸ್ ಓದಿದ ನಮಗೆ ಹೊಲಿಗೆ ಬರುವುದಿಲ್ಲ, ಒಪ್ಪುತ್ತೇವೆ. ಬರುವವರು ನಮ್ಮ ಧರ್ಮಕೇಂದ್ರದಲ್ಲೇ ಬೇಕಾದಷ್ಟಿದ್ದಾರೆ. ಮುಂದಿನ ಭಾನುವಾರ ಪೂಜೆಯ ನಂತರ ಹಾಲ್‌ನಲ್ಲಿ ಸೇರೋಣ. ಹಳೆಯ ಜೀನ್ಸ್ ಇದ್ದರೆ ತನ್ನಿ. ದೂರ ಹಾರಿ ಬಂದ ಅಮ್ಮಂದಿರನ್ನೂ ಕರೆತನ್ನಿ, ಏನೇನು ಕೈಗೆ ಸಿಗಲಿಲ್ಲ ಎಂದು ಮೊದಲು ಅವರೇ ಹೇಳಲಿ. ಮೊದಲ ಬ್ಯಾಗ್ ಆ ಆಂಟಿಗೆ. ಅವರ ಎರಡನೆಯ ಮಗಳಿಗೆ ಡಿಸೆಂಬರಿನಲ್ಲಿ ಹೆರಿಗೆ.