ಗುಡ್ಡದ ಮೇಲಿನ ಊರುಗಳಿಗೆ ಒಂದು ದಿನದ ಸವಾರಿ

ಇಟಲಿಯ ನಡುನಾಡಿನಲ್ಲಿ, ಫ್ಲಾರೆನ್ಸಿಗೂ ರೋಮಿಗೂ ನಡುವೆ ಹಬ್ಬಿರುವ ಟಸ್ಕನಿ ಮತ್ತು ಉಂಬ್ರಿಯಾ ಪ್ರಾಂತಗಳ ನಕ್ಷೆಯನ್ನು ಮುಂದೆ ಹರಡಿಕೊಂಡು ಕುಳಿತವರಿಗೆ ಮೊದಲು ಹುಟ್ಟುವುದು ಉತ್ಸಾಹ, ಅದರ ಬೆನ್ನಿಗೆ ದುರಾಸೆ. ಸಿಯೆನಾ, ಸಾನ್ ಜಿಮಿನ್ಯಾನೊ, ವೊಲ್ತೆರ್ರಾ, ಪಿಯೆಂಜಾ, ಮೊಂತೆಪುಲ್ಚಾನೊ, ಅಸ್ಸೀಸಿ, ಒರ್ವಿಯೇಟೊ ಎಂದು ಕೇಳಿದ ಹೆಸರುಗಳೆಲ್ಲ ಒಂದರ ಮಗ್ಗುಲಲ್ಲೊಂದು ಕಾಣುತ್ತವೆ. ಇಲ್ಲಿಂದ ಅಲ್ಲಿಗೆ 14 ಕಿಲೋಮೀಟರು, ಅಲ್ಲಿಂದ ಇನ್ನೊಂದಕ್ಕೆ 24. ಬಾಡಿಗೆ ಕಾರೊಂದಿದ್ದರೆ ದಿನಕ್ಕೆ ನಾಲ್ಕು ಊರು ನೋಡಿ ಮುಗಿಸಬಹುದಲ್ಲ ಎಂದು ಯಾರಿಗಾದರೂ ತೋರುವುದು ಸಹಜ.

ಯೂರೋಪಿನಲ್ಲಿ ನೌಕರಿಗಿರುವ ಮಗನೋ ಮಗಳೋ ತಂದೆತಾಯಿಯರನ್ನು ಕರೆಸಿಕೊಂಡು ನಾಲ್ಕು ದಿನ ಇಟಲಿಯನ್ನು ತೋರಿಸಿ ಕಳುಹಿಸುವುದು ಈಗ ನಮ್ಮ ಗಡಿನಾಡಿನ ಕನ್ನಡ ಮನೆಗಳಲ್ಲಿಯೂ ಅಪರೂಪದ ಸಂಗತಿಯೇನಲ್ಲ. ಮಗನಿಗೆ ರಜೆ ಕಡಿಮೆ, ತಾಯಿಗೆ ಮಂಡಿನೋವು, ತಂದೆಗೆ ಹೊತ್ತಿಗೆ ಸರಿಯಾಗಿ ಊಟವಾಗಬೇಕು. ಇಂಥ ಸಂಸಾರ ಮತ್ತೊಮ್ಮೆ ಅದೇ ದೇಶಕ್ಕೆ ಹೋಗುವ ಸಂಭವ ಕಡಿಮೆ. ಯೋಜನೆ ಕೆಟ್ಟರೆ ಹಣ ವ್ಯಯವಾಗುವುದಂತೂ ಸರಿಯೇ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಜೀವಮಾನದಲ್ಲೊಮ್ಮೆ ದೊರೆತ ನಾಲ್ಕು ದಿನಗಳು ಕಾರಿನ ಕಿಟಕಿಯ ಆಚೆಗೇ ಸರಿದುಹೋಗುವುದು. ಆದುದರಿಂದ ಈ ತಿಂಗಳು ಆ ಊರುಗಳ ಸೊಬಗಿಗಿಂತ ಅವುಗಳ ನಡುವಣ ದಾರಿಯ ವಿಚಾರವನ್ನೇ ಹೆಚ್ಚಾಗಿ ಹೇಳಬೇಕೆಂದಿದ್ದೇನೆ.

ಈ ಊರುಗಳು ಗುಡ್ಡದ ನೆತ್ತಿಯಲ್ಲಿ ಏಕೆ ಕುಳಿತಿವೆ ಎಂಬುದನ್ನು ತಿಳಿದರೆ ಅರ್ಧ ಯೋಜನೆ ತಾನಾಗಿಯೇ ಆದಂತೆ. ಹಲವು ಊರುಗಳ ಬುಡ ರೋಮನರಿಗಿಂತ ಹಿಂದಿನ ಎಟ್ರಸ್ಕನ್ನರ ಕಾಲದ್ದು. ಮಧ್ಯಯುಗದಲ್ಲಿ ಪ್ರತಿಯೊಂದೂ ತನ್ನಷ್ಟಕ್ಕೆ ಒಂದು ರಾಜ್ಯದಂತಿದ್ದು, ನೆರೆಯ ಊರೇ ಶತ್ರು. ಕೆಳಗಿನ ಕಣಿವೆಗಳಲ್ಲಿ ಕೆಲವು ಜೌಗು ನೆಲ. ಮಲೇರಿಯಾ ಜ್ವರದ ಬೀಡು. ಕೊರ್ತೋನಾದ ಕೆಳಗಿನ ಕಿಯಾನಾ ಕಣಿವೆಯ ಜೌಗನ್ನು ಬಸಿದು ಹೊಲ ಮಾಡಿದ್ದು ಬಹುಕಾಲದ ಮೇಲೆ. ಹೀಗೆ ಜ್ವರಕ್ಕೂ ಶತ್ರುವಿಗೂ ಅಂಜಿ ಎತ್ತರವನ್ನು ಹಿಡಿದ ಊರುಗಳಿವು. ನೆರೆಯವನು ಸುಲಭವಾಗಿ ಬಾರದಿರಲೆಂದೇ ಕಟ್ಟಿದ ಊರಿಗೆ ನಾವು ಸುಲಭವಾಗಿ ಹೋಗಬೇಕೆಂದು ಬಯಸುತ್ತಿದ್ದೇವೆ! ಒಂದು ಗುಡ್ಡದಿಂದ ಪೂರ್ತಿ ಇಳಿದು, ಕಣಿವೆಯನ್ನು ದಾಟಿ, ಮತ್ತೊಂದು ಗುಡ್ಡವನ್ನು ಪೂರ್ತಿ ಏರಬೇಕು. ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಬಲ್ಲ ತಾಳವಾಡಿಯ ವಾಚಕರಿಗೆ ಆ ರಸ್ತೆಗಳು ಭಯ ಹುಟ್ಟಿಸಲಾರವು. ಆದರೆ ತಿರುವಿನ ದಾರಿಯಲ್ಲಿ ಕಿಲೋಮೀಟರಿನ ಲೆಕ್ಕ ನಿಲ್ಲುವುದಿಲ್ಲ ಎಂಬುದನ್ನು ಅವರಿಗೆ ಬೇರೆಯಾಗಿ ಹೇಳಬೇಕಾಗಿಯೂ ಇಲ್ಲ.

ಆದುದರಿಂದ ದಿನದ ಯೋಜನೆ ಮಾಡುವಾಗ ದೂರವನ್ನೆಣಿಸದೆ ಏರುಗಳನ್ನೆಣಿಸಬೇಕು. ದಿನಕ್ಕೆ ಎರಡು ಏರು, ಅಂದರೆ ಎರಡೇ ಊರು. ಕಾರಿನ ಏರು ಮುಗಿದಲ್ಲಿಗೆ ಕಾಲಿನ ಏರು ಪ್ರಾರಂಭವಾಗುತ್ತದೆ ಎಂಬುದನ್ನೂ ಮರೆಯಬಾರದು. ಕಾರನ್ನು ಕೋಟೆಗೋಡೆಯ ಹೊರಗೆ ನಿಲ್ಲಿಸಿ, ಕಲ್ಲುಹಾಸಿನ ಬೀದಿಯಲ್ಲಿ ನಡೆದೇ ನಡುಚೌಕವನ್ನು ಸೇರಬೇಕು.

ಒಂದು ದಿನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೀಡು ಸಿಯೆನಾದ ಬಳಿ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ದಕ್ಷಿಣದ ಪಿಯೆಂಜಾಕ್ಕೆ ಒಂದು ಗಂಟೆಯ ದಾರಿ. ಈ ಚಿಕ್ಕ ಊರಿನ ಕಥೆ ಸ್ವಾರಸ್ಯವಾದದ್ದು. ಮೊದಲು ಇದು ಕೊರ್ಸಿನ್ಯಾನೊ ಎಂಬ ಹಳ್ಳಿ. 1405ರಲ್ಲಿ ಇಲ್ಲಿ ಹುಟ್ಟಿದ ಪಿಕ್ಕೊಲೊಮೀನಿ ಮನೆತನದ ಹುಡುಗ 1458ರಲ್ಲಿ ಎರಡನೆಯ ಪಿಯುಸ್ ಎಂಬ ಹೆಸರಿನಿಂದ ಪೋಪನಾದ. ಮರುವರ್ಷವೇ ಬೆರ್ನಾರ್ದೊ ರೊಸ್ಸೆಲ್ಲೀನೊ ಎಂಬ ಶಿಲ್ಪಿಯನ್ನು ಕರೆಸಿ, ತನ್ನ ಹಳ್ಳಿಯನ್ನು ಒಂದು ಆದರ್ಶ ಪಟ್ಟಣವಾಗಿ ಕಟ್ಟಿಸತೊಡಗಿದ. ಊರಿಗೆ ತನ್ನ ಹೆಸರನ್ನೇ ಇಟ್ಟ. ಐದು ವರ್ಷ ಕಳೆಯುವಷ್ಟರಲ್ಲಿ, 1464ರಲ್ಲಿ ತೀರಿಕೊಂಡ. ಕಟ್ಟಿದಷ್ಟು ಇಂದಿಗೂ ಹಾಗೆಯೇ ನಿಂತಿದೆ. ಗುಡ್ಡದಂಚಿನಲ್ಲಿರುವ ಇಗರ್ಜಿಯ ಹಿಂಭಾಗ ಮಾತ್ರ ಸಡಿಲ ನೆಲದಲ್ಲಿ ಕುಸಿಯುತ್ತ ಬಂದಿದೆ. ಪಿಯೆಂಜಾದ ಬೀದಿಗಳು ಬಹುಮಟ್ಟಿಗೆ ಸಮತಟ್ಟು. ಮಂಡಿನೋವಿನವರಿಗೆ ಇದಕ್ಕಿಂತ ಹಿತವಾದ ಗುಡ್ಡದೂರು ಬೇರೆ ಇಲ್ಲವೆಂದೇ ಹೇಳಬೇಕು. ಗೋಡೆಯ ಪಕ್ಕದ ಕಾಲುದಾರಿಯಲ್ಲಿ ನಿಂತರೆ ಓರ್ಚಾ ಕಣಿವೆಯ ಹೊಲಗಳೂ ಅದರಾಚೆ 1738 ಮೀಟರು ಎತ್ತರದ ಅಮಿಯಾತಾ ಪರ್ವತವೂ ಕಣ್ಣ ಮುಂದೆ. ಎರಡು ಗಂಟೆ ಇಲ್ಲಿ ಧಾರಾಳ.

ಹನ್ನೆರಡೂವರೆಗೆ ಊಟಕ್ಕೆ ಕೂಡಬೇಕು. ಅಲ್ಲಿ ಅನೇಕ ಇಗರ್ಜಿಗಳೂ ಅಂಗಡಿಗಳೂ ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೂರರ ಸುಮಾರಿಗೆ. ಊಟದ ಮನೆಗಳಾದರೋ ಎರಡೂವರೆಗೆ ಒಲೆ ಆರಿಸಿ, ಸಂಜೆ ಏಳೂವರೆಯ ತನಕ ಯಾರನ್ನೂ ಮಾತನಾಡಿಸುವುದಿಲ್ಲ. ಮೂರರ ವೇಳೆಗೆ, ಅಲ್ಲಿಂದ 14 ಕಿಲೋಮೀಟರಿನ ಮೊಂತೆಪುಲ್ಚಾನೊವನ್ನು ಇಪ್ಪತ್ತೈದು ನಿಮಿಷಗಳಲ್ಲಿ ಸೇರಿದರೆ ಬಾಗಿಲುಗಳು ತೆರೆಯುತ್ತಿರುತ್ತವೆ. ಈ ಊರು ಕಡಿದು. ಹೆಬ್ಬಾಗಿಲಿನಿಂದ ಮೇಲಿನ ಚೌಕದವರೆಗೆ ಒಂದೇ ಸಮನೆ ಏರು. ಹಿರಿಯರು ಊರೊಳಗಿನ ಸಣ್ಣ ಬಸ್ಸಿನಲ್ಲಿ ಹೋಗುವುದು ಲೇಸು. ಅದೂ ಬೇಡವೆಂದರೆ ಗುಡ್ಡದ ಬುಡದಲ್ಲಿ, ಕಾರು ಹತ್ತಿರಕ್ಕೇ ಹೋಗುವಂಥ ಸಾನ್ ಬ್ಯಾಜೊ ಇಗರ್ಜಿಯಿದೆ; 1518ರಲ್ಲಿ ಪ್ರಾರಂಭವಾದ, ಹಿರಿಯ ಆಂತೋನಿಯೊ ಸಂಗಾಲ್ಲೊನ ಈ ಕೃತಿಯೊಂದನ್ನೇ ನೋಡಿ ಹಿಂದಿರುಗಿದರೂ ದಿನ ವ್ಯರ್ಥವಾಗದು. ಇಷ್ಟರಲ್ಲಿ ಕಾರಿನಲ್ಲಿ ಕಳೆದದ್ದು ಎಲ್ಲ ಸೇರಿ ಎರಡೂವರೆ ಮೂರು ಗಂಟೆ. ಇದೇ ದಿನಕ್ಕೆ ಮೊಂತಾಲ್ಚೀನೊವನ್ನೂ ಸೇರಿಸಿದೆವೆನ್ನಿ. ದಾರಿ ಒಂದು ಗಂಟೆ ಹೆಚ್ಚುವುದು, ಏರು ಮೂರಾಗುವುದು, ಮೂರರಲ್ಲಿ ಒಂದೂರಿಗೆ ಬಾಗಿಲು ಮುಚ್ಚಿದ ಹೊತ್ತಿನಲ್ಲಿಯೇ ಹೋಗಿ ನಿಲ್ಲಬೇಕಾಗುವುದು.

ಸಿಯೆನಾದ ವಾಯವ್ಯಕ್ಕೆ ಸಾನ್ ಜಿಮಿನ್ಯಾನೊ ಮತ್ತು ವೊಲ್ತೆರ್ರಾ ಇನ್ನೊಂದು ಜೋಡಿ. ಮೊದಲನೆಯದರಲ್ಲಿ ಮಧ್ಯಯುಗದ ಸಿರಿವಂತರು ಪೈಪೋಟಿಯಿಂದ ಕಟ್ಟಿಸಿದ ಸುಮಾರು 72 ಗೋಪುರಗಳಲ್ಲಿ ಈಗ ಉಳಿದಿರುವುದು 14. ಅಲ್ಲಿ ಹಗಲಿನಲ್ಲಿ ಜನಜಂಗುಳಿ, ಬೆಳಿಗ್ಗೆಯೇ ಮುಗಿಸಿಬಿಡಬೇಕು. ನನ್ನ ಒಲವು ಗಾಳಿಗೆ ಮೈಯೊಡ್ಡಿ ಒರಟಾಗಿ ನಿಂತ ವೊಲ್ತೆರ್ರಾದ ಕಡೆಗೇ. ಅಲ್ಲಿ ಎಟ್ರಸ್ಕನ್ನರ ಕಾಲದ ಕಲ್ಲಿನ ಹೆಬ್ಬಾಗಿಲೊಂದಿದೆ. 1944ರ ಯುದ್ಧದಲ್ಲಿ ಜರ್ಮನ್ ಸೈನ್ಯ ಅದನ್ನು ಸಿಡಿಸಲು ಹೊರಟಾಗ, ಊರಿನ ಜನ ಬೀದಿಯ ಹಾಸುಗಲ್ಲುಗಳನ್ನೇ ಕಿತ್ತು ಬಾಗಿಲನ್ನು ತುಂಬಿ ಮುಚ್ಚಿ, ಸಿಡಿಸುವ ಅಗತ್ಯವೇ ಇಲ್ಲದಂತೆ ಮಾಡಿ ಉಳಿಸಿಕೊಂಡರು. ಆ ಬಾಗಿಲಿನಡಿ ನಿಂತು ಬರುವುದಕ್ಕಾಗಿಯೇ ಮೂವತ್ತು ಕಿಲೋಮೀಟರು ಸುತ್ತಬಹುದು.

ಉಂಬ್ರಿಯಾದ ಊರುಗಳನ್ನು ಸಿಯೆನಾದಿಂದ ನೋಡಿಬರುವ ಸಾಹಸ ಬೇಡ; ಬೀಡನ್ನೇ ಅತ್ತ ಬದಲಿಸುವುದು ಮೇಲು. ನಾಲ್ಕು ದಿನಕ್ಕೆ ಬೀಡು ಎರಡಕ್ಕಿಂತ ಹೆಚ್ಚು ಇರಕೂಡದು. ದಿನಕ್ಕೊಂದು ಕಡೆ ಪೆಟ್ಟಿಗೆ ಬಿಚ್ಚಿ ಕಟ್ಟುವುದರಲ್ಲಿಯೇ ಅರ್ಧ ಆಯುಷ್ಯ ಸವೆಯುತ್ತದೆ. ಬೀಡಿಗೆ ಕೋಟೆಯೊಳಗಿನ ಹೋಟೆಲಿಗಿಂತ, ಅಗ್ರಿತುರೀಸ್ಮೊ ಎಂದು ಅಲ್ಲಿ ಕರೆಯುವ, ರೈತರು ತಮ್ಮ ತೋಟದಲ್ಲಿಯೇ ಅತಿಥಿಗಳಿಗೆ ಕೋಣೆ ಕೊಡುವ ಮನೆ ಅನುಕೂಲ. ಕಾರು ಅಂಗಳದಲ್ಲಿಯೇ ನಿಲ್ಲುತ್ತದೆ. ಕೆಲವೆಡೆ ಅಡುಗೆಮನೆಯೂ ದೊರೆಯುವುದರಿಂದ ಅನ್ನ ಸಾರಿಗೆ ಚಿಂತೆಯಿಲ್ಲ. ಹೊರಗೆ ಉಣ್ಣುವ ಶಾಕಾಹಾರಿಗಳು ಬರಿಯ ಹಿಟ್ಟು ನೀರಿನಿಂದ ಹೊಸೆದ ದಪ್ಪ ಶಾವಿಗೆಯಂಥ ಪೀಚಿಯನ್ನು ಟೊಮೇಟೊ, ಬೆಳ್ಳುಳ್ಳಿಯ ಗೊಜ್ಜಿನೊಡನೆ ಕೇಳಬಹುದು. ಟಸ್ಕನಿಯ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಉಪ್ಪಿನಕಾಯಿಯ ಸೀಸೆಯೊಂದು ಜೊತೆಗಿರಲಿ.

ಅಸ್ಸೀಸಿಗೆ ಅರ್ಧ ದಿನಕ್ಕಿಂತ ಹೆಚ್ಚು ಬೇಕು. 1226ರಲ್ಲಿ ಸಂತ ಫ್ರಾನ್ಸಿಸ್ ದೇಹ ಬಿಟ್ಟ ಎರಡೇ ವರ್ಷಕ್ಕೆ ಪ್ರಾರಂಭವಾದ ಬಸಿಲಿಕಾ ಅದು. 1997ರ ಸೆಪ್ಟೆಂಬರ್ 26ರಂದು ರಾತ್ರಿಯ ಭೂಕಂಪದ ಹಾನಿಯನ್ನು ಪರಿಶೀಲಿಸುತ್ತಿದ್ದಾಗಲೇ ಬೆಳಗಿನ ಎರಡನೆಯ ಕಂಪನಕ್ಕೆ ಕಮಾನು ಕುಸಿದು ನಾಲ್ವರು ಮೃತರಾದರು. ಸಾವಿರಾರು ಚೂರುಗಳಾಗಿದ್ದ ಭಿತ್ತಿಚಿತ್ರಗಳನ್ನು ಕೂಡಿಸುತ್ತ, ಎರಡು ವರ್ಷದಲ್ಲಿ ಮೇಲಿನ ಇಗರ್ಜಿಯನ್ನು ಮತ್ತೆ ತೆರೆದರು. ಇಲ್ಲೊಂದು ಉಪಾಯ: ಕಾರನ್ನು ಊರಿನ ಮೇಲ್ತುದಿಯ ಮತ್ತೆಯೊತ್ತಿ ಚೌಕದಲ್ಲಿ ನಿಲ್ಲಿಸಿದರೆ ಕೆಳತುದಿಯ ಬಸಿಲಿಕಾದವರೆಗೆ ಬಹುಪಾಲು ಇಳಿಜಾರು, ಹಿಂದಿರುಗುವಾಗ ಊರ ಬಸ್ಸು. ಉಳಿದ ಸಂಜೆಗೆ ಹನ್ನೆರಡು ಕಿಲೋಮೀಟರಿನ ಸ್ಪೆಲ್ಲೊ ಸಾಕು. ಪೆರೂಜಾದಲ್ಲಿ ಕೆಳಗಿನ ಕಾರು ನಿಲ್ದಾಣದಿಂದ, ಪೋಪ್ ಮೂರನೆಯ ಪೌಲ್ 1540ರಲ್ಲಿ ಹಳೆಯ ಬೀದಿಗಳ ಮೇಲೆಯೇ ಎಬ್ಬಿಸತೊಡಗಿದ ಕೋಟೆಯ ಹೊಟ್ಟೆಯೊಳಗಿಂದ ಎಸ್ಕಲೇಟರುಗಳು ಮೇಲಕ್ಕೊಯ್ಯುತ್ತವೆ.

ಇನ್ನು ದಂಡದ ಮಾತು. ಕಾರಿನ ಪ್ರವಾಸಿಗರು ಬಹುಪಾಲು ಎಡವುವುದು ಇಲ್ಲಿಯೇ. ಹಳೆಯ ಊರುಗಳ ಒಳಭಾಗ ಹೊರಗಿನ ವಾಹನಗಳಿಗೆ ನಿಷಿದ್ಧ. ಕೆಂಪು ಬಳೆಯ ಬಿಳಿಯ ದುಂಡು ಫಲಕ, ಅದರ ಜೊತೆಗೆ ಝಡ್ ಟಿ ಎಲ್ ಎಂಬ ಮೂರಕ್ಷರ ಕಂಡರೆ ಅಲ್ಲಿಗೇ ನಿಲ್ಲಬೇಕು. ಕೆಲವೆಡೆ ದೀಪದ ಫಲಕದಲ್ಲಿ ‘ವಾರ್ಕೊ ಅತ್ತೀವೊ’ ಎಂದಿರುತ್ತದೆ. ಬಾಗಿಲು ತೆರೆದಿದೆಯೆಂದು ಭ್ರಮಿಸಿ ಒಳಹೊಕ್ಕವರು ಅನೇಕರು. ಅರ್ಥವಾದರೋ ಕಾವಲು ಜಾರಿಯಲ್ಲಿದೆ ಎಂದು! ಪೊಲೀಸರು ಅಡ್ಡಗಟ್ಟುವುದಿಲ್ಲ, ಶಿಳ್ಳೆ ಹಾಕುವುದಿಲ್ಲ. ಕ್ಯಾಮೆರಾ ಸದ್ದಿಲ್ಲದೆ ಕಾರಿನ ನಂಬರನ್ನು ಹಿಡಿದಿಡುತ್ತದೆ. ಬಾಡಿಗೆ ಕಂಪನಿ ನಿಮ್ಮ ವಿಳಾಸವನ್ನು ಕೊಟ್ಟು ಅದಕ್ಕೂ ಪ್ರತ್ಯೇಕ ಶುಲ್ಕ ವಸೂಲು ಮಾಡುತ್ತದೆ. ಪ್ರವಾಸ ಮರೆತುಹೋದ ಎಷ್ಟೋ ತಿಂಗಳ ಮೇಲೆ ದಂಡದ ಕಾಗದ ಮನೆಬಾಗಿಲಿಗೆ ಬರುತ್ತದೆ. ದಾರಿ ತಪ್ಪಿ ಎರಡು ಸಲ ಒಳಹೊಕ್ಕರೆ ದಂಡವೂ ಎರಡು. ಫೋನಿನ ದಾರಿತೋರುಕದಲ್ಲಿ ಊರಿನ ಹೆಸರನ್ನು ಹಾಕದೆ, ಗೋಡೆಯ ಹೊರಗಿನ ಕಾರು ನಿಲ್ದಾಣದ ಹೆಸರನ್ನು ಹಿಂದಿನ ರಾತ್ರಿಯೇ ಹುಡುಕಿ ಹಾಕಿಕೊಂಡರೆ ಈ ಕಂಟಕ ಬಹುಮಟ್ಟಿಗೆ ತಪ್ಪುತ್ತದೆ. ನೆಲದ ಗೆರೆ ಬಿಳಿಯದಾದರೆ ನಿಲುಗಡೆ ಉಚಿತ, ನೀಲಿಗೆ ಹಣ, ಹಳದಿ ಪರರ ಸ್ವತ್ತು.

ಭಾರತದ ಲೈಸೆನ್ಸಿನವರು ಅಂತರರಾಷ್ಟ್ರೀಯ ಚಾಲನಾ ಪರವಾನಿಗೆಯನ್ನು ಇಲ್ಲಿಂದಲೇ ಪಡೆದು ಹೋಗಬೇಕು. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರಗಳಲ್ಲಿರುವ ನಾವು ಆಯಾ ರಾಜ್ಯದ ಸಾರಿಗೆ ಕಚೇರಿಯಲ್ಲಿಯೇ ಅರ್ಜಿ ಕೊಡಬೇಕು; ಅವಧಿ ಒಂದು ವರ್ಷ, ಮೂಲ ಲೈಸೆನ್ಸು ಜೊತೆಗಿರಲೇಬೇಕು. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುತ್ತವೆ. ಮೊದಲ ದಿನವೇ ಗುಡ್ಡ ಹತ್ತಿಸದೆ ಬಯಲಿನಲ್ಲಿ ಕೈ ಪಳಗಿಸಿಕೊಳ್ಳುವುದು ಜಾಣತನ. ಊರೊಳಗೆ ವೇಗದ ಮಿತಿ 50 ಕಿಲೋಮೀಟರು, ಹೊರಗಿನ ಸಾಮಾನ್ಯ ರಸ್ತೆಯಲ್ಲಿ 90. ಸಂಜೆಯ ಎರಡನೆಯ ಊರನ್ನು ಋತು ನೋಡಿ ಇಟ್ಟುಕೊಳ್ಳಿ. ಜೂನಿನಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿದ್ದರೆ, ಡಿಸೆಂಬರಿನಲ್ಲಿ ಐದಕ್ಕೆ ಮೊದಲೇ ಕತ್ತಲು. ಜುಲೈ 2 ಮತ್ತು ಆಗಸ್ಟ್ 16ರಂದು ಸಿಯೆನಾದ ಚೌಕದಲ್ಲಿ ಪಾಲಿಯೊ ಕುದುರೆಯೋಟ. ಅದಕ್ಕೆಂದೇ ಹೋಗುವವರನ್ನುಳಿದು ಮಿಕ್ಕವರು ಆ ದಿನಗಳಲ್ಲಿ ಕಾರಿನೊಡನೆ ಅತ್ತ ಸುಳಿಯದಿರುವುದೇ ಕ್ಷೇಮ.

ಒರ್ವಿಯೇಟೊವನ್ನು ಬೇಕೆಂದೇ ಕಡೆಗಿರಿಸಿದೆ. ಅದಕ್ಕೆ ಕಾರೇ ಬೇಡ. ರೋಮಿನಿಂದ ರೈಲಿನಲ್ಲಿ ಒಂದೂ ಕಾಲು ಗಂಟೆಯ ಪ್ರಯಾಣ. ನಿಲ್ದಾಣದೆದುರಿಗೇ ಹಗ್ಗದಿಂದೆಳೆಯುವ ಗುಡ್ಡಗಾಡಿ ಬಂಡೆಯ ನೆತ್ತಿಗೆ ಒಯ್ಯುತ್ತದೆ. 1527ರಲ್ಲಿ ರೋಮ್ ನಗರ ಲೂಟಿಯಾದಾಗ ಇಲ್ಲಿ ಆಶ್ರಯ ಪಡೆದ ಪೋಪ್ ಏಳನೆಯ ಕ್ಲೆಮೆಂಟನು, ಮುತ್ತಿಗೆಯಾದರೆ ನೀರಿರಲೆಂದು ತೋಡಿಸಿದ ಬಾವಿ ಗುಡ್ಡಗಾಡಿ ನಿಲ್ಲುವಲ್ಲಿಯೇ ಇದೆ. ಮೊಂತೆಪುಲ್ಚಾನೊದ ಇಗರ್ಜಿ ಕಟ್ಟಿದವನ ಸೋದರಳಿಯನಾದ ಕಿರಿಯ ಸಂಗಾಲ್ಲೊನ ಕೆಲಸ. ಐವತ್ತಮೂರು ಮೀಟರಿನ ಆಳಕ್ಕೆ, ನೀರು ಹೊರುವ ಕತ್ತೆಗಳು ಎದುರುಬದುರಾಗದಂತೆ, ಇಳಿಯಲೊಂದು ಏರಲೊಂದು ಎಂದು ಹೆಣೆದುಕೊಂಡ ಎರಡು ಸುರುಳಿದಾರಿ. ಒಂದೊಂದಕ್ಕೂ 248 ಮೆಟ್ಟಿಲು. ಮಂಡಿನೋವಿನ ತಾಯಿಯನ್ನು ಮೇಲಿನ ಬೆಂಚಿನಲ್ಲಿ ಕೂರಿಸಿ ಉಳಿದವರು ಇಳಿದುಬರಬಹುದು. ಕಾಗದದ ರೈಲು ಟಿಕೆಟಾದರೆ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆಯೊತ್ತಿಸಿಕೊಳ್ಳಬೇಕು. ಇಲ್ಲವಾದರೆ ಅದಕ್ಕೂ ದಂಡವಿದೆ.