ಖಾಲಿ ಬಿಟ್ಟ ಜಾಗದಲ್ಲಿ 'ತೆಲುಗು' ಎಂದು ಬರೆದವರು ಯಾರು?

ಶಾಲೆ ಶುರುವಾಗುವ ದಿನಗಳಲ್ಲಿ ಹಿಂದೂಪುರದ ಯಾವುದಾದರೂ ನೆಟ್ ಸೆಂಟರಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಅರ್ಜಿ ತುಂಬಿ ಬಟನ್ ಒತ್ತುತ್ತಾರೆ, ಬಿಳಿ ಪರದೆಯ ಮೇಲೆ 'ಬ್ಯಾಡ್ ರಿಕ್ವೆಸ್ಟ್' ಅಂತ ಬಂದು ನಿಲ್ಲುತ್ತದೆ. ತುಂಬಿದ್ದೆಲ್ಲ ಹೋಯಿತು! ಕೂಲಿ ಬಿಟ್ಟು ಬಂದ ತಂದೆಗೆ 'ಸರ್ವರ್ ಬಿಜಿ, ನಾಳೆ ಬಾ' ಅನ್ನುತ್ತಾರೆ. ಸರ್ವರ್ ಬಿಜಿ ಇರುವುದಿಲ್ಲ ಸ್ನೇಹಿತರೇ, ಅದು ಕಾಯುತ್ತಿದ್ದ ಒಂದು ಮಾಹಿತಿ ಬಂದಿರುವುದಿಲ್ಲ, ಅಷ್ಟೇ.

ಪೈಥಾನ್‌ನಲ್ಲಿ ಫ್ಲಾಸ್ಕ್ ಬಳಸಿ ಬರೆದ ಜಾಲತಾಣ ಎಂದಿಟ್ಟುಕೊಳ್ಳಿ. ತುಂಬಿದ ಮಾಹಿತಿಯನ್ನೆಲ್ಲ ಹೆಸರು ಹಚ್ಚಿ ಒಂದು ಚೀಲದಲ್ಲಿ ತಂದುಕೊಡುತ್ತದೆ. ಚೀಲದಲ್ಲಿ ಇಲ್ಲದ ಹೆಸರನ್ನು ನೇರವಾಗಿ ಕೇಳಿದರೆ ಕೀ ಎರರ್, ಪರದೆಯ ಮೇಲೆ 400. ಜಾಂಗೋದಲ್ಲಿ ಇದೇ ದೋಷವನ್ನು ಹಿಡಿಯದೆ ಬಿಟ್ಟರೆ 500.

ನಮ್ಮ ಹಾಜರಿ ಪುಸ್ತಕ ನೆನಪಿಸಿಕೊಳ್ಳಿ. ಮಗುವಿನ ಹೆಸರಿದ್ದು ಗೈರುಹಾಜರಿ ಹಾಕುವುದು ಬೇರೆ, ಪುಸ್ತಕದಲ್ಲಿ ಹೆಸರೇ ಇಲ್ಲದಿರುವುದು ಬೇರೆ. ಬರೆಯುವ ಜಾಗವನ್ನು ಖಾಲಿ ಬಿಟ್ಟರೆ ಅದರ ಹೆಸರಾದರೂ ಸರ್ವರಿಗೆ ಹೋಗುತ್ತದೆ. ಆದರೆ ಟಿಕ್ ಮಾಡದ ಚೌಕ, ಒಂದನ್ನೂ ಆರಿಸದ ದುಂಡು ಗುಂಡಿಗಳು, ಮಸುಕಾಗಿ ಒತ್ತಲಾಗದ ಪಟ್ಟಿ, ಇವು ಹೋಗುವುದೇ ಇಲ್ಲ. 2022ರ ಏಪ್ರಿಲ್ 4ರಿಂದ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಆರಿಸಿದ ಮೇಲೆಯೇ ಮಂಡಲಗಳ ಪಟ್ಟಿ ತೆರೆಯುವಂತೆ ಮಾಡಿದ ಅರ್ಜಿಗಳಿರುತ್ತವೆ. ನೆಟ್ ನಿಧಾನವಾಗಿ ಆ ಪಟ್ಟಿ ಮಸುಕಾಗಿಯೇ ಉಳಿದರೆ ಮಂಡಲದ ಹೆಸರೇ ಹೋಗದು. ಇದರಲ್ಲಿ ಆ ತಂದೆಯ ತಪ್ಪೇನು?

ಪ್ರೋಗ್ರಾಂ ಬರೆಯುವವರಿಗೆ ಸುಲಭದ ಔಷಧ ಒಂದಿದೆ, 'ಗೆಟ್'. ಹೆಸರಿಲ್ಲದಿದ್ದರೆ ಗಲಾಟೆ ಮಾಡದೆ 'ನನ್' ಎಂದು ಕೊಡುತ್ತದೆ. ಜೊತೆಗೊಂದು ಪದ ಬರೆದಿಟ್ಟರೆ ಅದನ್ನೇ ಉತ್ತರವಾಗಿ ಕೊಡುತ್ತದೆ. ನಮಗೆ ಭಯ ಇರುವುದು ಇಲ್ಲೇ. ಬೋಧನಾ ಮಾಧ್ಯಮ ಎಂಬಲ್ಲಿ ಯಾರೂ ಏನೂ ಆರಿಸದಿದ್ದರೆ 'ತೆಲುಗು' ಎಂದುಕೋ ಅಂತ ಒಂದು ಸಾಲು ಬರೆದರೆ ಸಾಕು, ಎರರ್ ಮಾಯ! ಪ್ರೋಗ್ರಾಮರ್ ಮನೆಗೆ ಹೋದ. ಕನ್ನಡ ಮಾಧ್ಯಮದ ಮಗು ತೆಲುಗು ಪಟ್ಟಿಗೆ ಹೋಯಿತು. ಆ ಪಟ್ಟಿ ನೋಡಿ ಪುಸ್ತಕ ಎಣಿಸಿದರೆ ಕನ್ನಡ ಪುಸ್ತಕ ಒಂದು ಕಡಿಮೆ. ಗಡಿಯ ತರಗತಿಯಲ್ಲಿ ಇರುವುದೇ ಬೆರಳೆಣಿಕೆಯ ಮಕ್ಕಳು, ಅದರಲ್ಲಿ ಇಬ್ಬರು ಕಾಣೆಯಾದರೆ 'ಕನ್ನಡ ಯಾರಿಗೆ ಬೇಕು' ಎನ್ನುವವರಿಗೆ ಲೆಕ್ಕ ಸಿಕ್ಕಿತು. ಇದಕ್ಕಿಂತ ಆ ಬಿಳಿ ಪರದೆಯ 400 ಎಷ್ಟೋ ವಾಸಿ ಎಂದು ನಾವು ಹೇಳುತ್ತೇವೆ. ಅದು ಸುಳ್ಳಂತೂ ಹೇಳುವುದಿಲ್ಲ.

ಎಲ್ಲ ಕಡೆಯೂ ಊಹೆ ತಪ್ಪು ಎಂದಲ್ಲ. 'ಎಸ್ಸೆಮ್ಮೆಸ್ ಬೇಕೇ' ಎಂಬ ಚೌಕಕ್ಕೆ ಟಿಕ್ ಇಲ್ಲದಿದ್ದರೆ ಬೇಡ ಎಂದೇ ಅರ್ಥ. ಮಾಧ್ಯಮ ಆರಿಸದಿದ್ದರೆ ಇನ್ನೂ ಹೇಳಿಲ್ಲ ಎಂದು ಅರ್ಥ. ಹೇಳದವರನ್ನು ಮತ್ತೆ ಕೇಳಬೇಕು. ತುಂಬಿದ್ದನ್ನು ಹಾಗೇ ಉಳಿಸಿ, ಬಿಟ್ಟ ಜಾಗದ ಪಕ್ಕದಲ್ಲೇ ಕನ್ನಡದಲ್ಲೂ ತೆಲುಗಿನಲ್ಲೂ 'ಮಾಧ್ಯಮ ಆರಿಸಿಲ್ಲ' ಎಂದು ತೋರಿಸಬೇಕು. ಜಾಂಗೋದ ಫಾರ್ಮ್‌ಗಳಲ್ಲಿ, ಫ್ಲಾಸ್ಕ್ ಜೊತೆ ಬಳಸುವ ಡಬ್ಲ್ಯೂಟಿಫಾರ್ಮ್ಸ್‌ನಲ್ಲಿ ಇದಕ್ಕೆ ಬೇಕಾದ ಏರ್ಪಾಟೆಲ್ಲ ಇದೆ. (ಫೋಟೋ ಮಾತ್ರ ಮತ್ತೆ ಆರಿಸಬೇಕು, ಅದನ್ನು ಬ್ರೌಸರ್ ಉಳಿಸಿಕೊಡದು.) ಬ್ರೌಸರಿನಲ್ಲಿ 'ಕಡ್ಡಾಯ' ಎಂದು ಗುರುತು ಹಾಕಿದ್ದೇವೆ ಎಂದರೆ ಸಾಲದು, ಸರ್ವರಿನಲ್ಲೂ ನೋಡಲೇಬೇಕು.

ಹಾಗೆಂದು ಬೇಡದ್ದನ್ನೆಲ್ಲ ಕಡ್ಡಾಯ ಮಾಡಬೇಡಿ. ಮನೆತನದ ಹೆಸರೇ ಇಲ್ಲದ, ಬರೀ ಇನಿಷಿಯಲ್ ಇರುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಡ್ಡಾಯ ಎಂದರೆ ಅವರು ಒಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ, ಆ ಚುಕ್ಕೆ ಸರ್ಟಿಫಿಕೇಟಿನವರೆಗೂ ಬರುತ್ತದೆ.

ನಮ್ಮ ಕಡೆಯ ಶಾಲೆಗಳಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿರುವ ಹುಡುಗರು, ಹುಡುಗಿಯರು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ನೀವು ಮಾಡಿದ ಅರ್ಜಿಯಲ್ಲಿ ಭಾಷೆಯ ಗುಂಡಿ ಒತ್ತದೆ ಒಮ್ಮೆ ಕಳಿಸಿ. ಡೇಟಾಬೇಸಿನಲ್ಲಿ ಆ ಜಾಗದಲ್ಲಿ ಏನು ಬಂದು ಕೂತಿದೆ ನೋಡಿ.